ಸುವರ್ಣಗೆಡ್ಡೆಗೆ ಹೊಲ ಬಿಡಿಸಿದ ರಾಜೇಶ್ವರಿಯವರು

ಘಟಪ್ರಭೆಯ ಆಸುಪಾಸಿನಲ್ಲಿ ಕಬ್ಬು ಬಿಟ್ಟು ಬೇರೆ ಬೆಳೆಯ ಹೆಸರೆತ್ತುವುದೆಂದರೆ ಬೀಗರ ಮನೆಯಲ್ಲಿ ಅಡುಗೆಗೆ ಹೆಸರಿಟ್ಟಷ್ಟೇ ಧೈರ್ಯದ ಕೆಲಸ. ಆ ಧೈರ್ಯವನ್ನು ಸೇವೆಯುದ್ದಕ್ಕೂ ನಗುನಗುತ್ತ ತೋರಿದವರು, ಈ ವರ್ಷ ತೋಟಗಾರಿಕೆ ಇಲಾಖೆಯಿಂದ ನಿವೃತ್ತರಾದ ಶ್ರೀಮತಿ ರಾಜೇಶ್ವರಿಯವರು. ಈ ಸೀಮೆಯಲ್ಲಿ ಗೆಡ್ಡೆ ಬೆಳೆಗಳ ಮಾತು ಬಂದರೆ ಮೊದಲು ನಾಲಿಗೆಗೆ ಬರುವ ಹೆಸರು ಅವರದು.

ಮೂಡಲಗಿಯಲ್ಲಿ ಸಹಾಯಕಿಯಾಗಿ ಸೇರಿ, ಗೋಕಾಕದಲ್ಲಿ ಸಸಿಮಡಿಗಳನ್ನು ನೋಡಿಕೊಂಡು, ಹುಕ್ಕೇರಿ ತಾಲೂಕಿಗೆ ಬಂದ ಮೇಲೆ ಅವರು ಸುವರ್ಣಗೆಡ್ಡೆಯ ಬೆನ್ನು ಹತ್ತಿದರು. ಬದುವಿನ ಮೇಲೆ ಕುಳಿತು, ಪ್ರತಿ ತುಂಡಿಗೂ ನಡುಮೊಳಕೆಯ ಪಾಲು ಸಿಗುವಂತೆ ಗೆಡ್ಡೆಯನ್ನು ತಾವೇ ಕೊಯ್ದು, ಸಗಣಿ ನೀರಿನಲ್ಲಿ ಅದ್ದಿ, ನೆರಳಲ್ಲಿ ಆರಿಸಿ, ಗೊಬ್ಬರ ತುಂಬಿದ ಗುಣಿಗೆ ಇಳಿಸಿ ತೋರಿಸುವರು. ಕೈ ತುರಿಸಿದರೆ ಹುಣಸೆಹಣ್ಣು ತಿಕ್ಕಿ ತೊಳೆದುಕೊಂಡು, ಹೆಣ್ಣುಮಕ್ಕಳು ಬಿಚ್ಚಿದ ಬುತ್ತಿಗೆ ಕರೆಯುವ ಮುನ್ನವೇ ಕೂಡುವರು.

ಯಮಕನಮರಡಿಯ ರೈತ ಮಹಿಳೆ ಸಾತವ್ವ, ರಾಜೇಶ್ವರಿಯವರ ಮಾತು ನಂಬಿ ಈ ಬೆಳೆಗೆ ಮನಸ್ಸು ಮಾಡಿದರು. ಆದರೆ ಹೊಲದ ವಿಷಯದಲ್ಲಿ ಮನೆಯೊಳಗೆ ಆಕೆಯ ಮಾತು ಅದುವರೆಗೆ ನಡೆದದ್ದೇ ಇಲ್ಲ. ಗಂಡ ರಾಜಪ್ಪನವರು ಒಲ್ಲದ ಮನಸ್ಸಿನಿಂದ ಅರ್ಧ ಎಕರೆ ಬಿಟ್ಟುಕೊಟ್ಟು, "ಇದೊಂದ ಸಲ ನಿನ್ನ ಹಟ ನಡೀಲಿ. ಬೆಳಿ ಕೆಟ್ರ ಮತ್ತ ಹೊಲದ ಮಾತಿಗಿ ಬರಬ್ಯಾಡ," ಎಂದಿದ್ದರು. ಮಳೆಗಾಲದಲ್ಲಿ ಕೊಡೆ ಬಿಚ್ಚಿದಂತೆ ನಿಂತಿದ್ದ ಗಿಡಗಳು ಚಳಿ ಶುರುವಾಗುತ್ತಲೇ ಹಳದಿಯಾಗಿ ಒಂದೊಂದೇ ನೆಲಕ್ಕೊರಗಿದವು. ಕಬ್ಬು ಬಾಡಿದರೆ ನೀರು ಬಿಟ್ಟು ರೂಢಿಯಿದ್ದ ಸಾತವ್ವ ಗಾಬರಿಬಿದ್ದು ಬಾವಿಯ ಮೋಟರು ಹಚ್ಚಿಯೇಬಿಟ್ಟರು.

ಅಷ್ಟರಲ್ಲಿ ಅಲ್ಲಿಗೆ ಬಂದ ರಾಜೇಶ್ವರಿಯವರು ಮೋಟರಿನತ್ತ ಓಡಿದರು. ಬಲಿತ ಗೆಡ್ಡೆ ನೀರಿನಲ್ಲಿ ನಿಂತರೆ ಕೊಳೆಯುತ್ತದೆ. ಕೊಳೆತರೆ ತಮ್ಮನ್ನು ನಂಬಿದ ಹೆಣ್ಣುಮಗಳು ಆ ಮನೆಯಲ್ಲಿ ಇನ್ನೆಂದೂ ಬಾಯಿ ತೆರೆಯುವಂತಿಲ್ಲ. ಮೋಟರು ನಿಲ್ಲಿಸಿ, ಸೀರೆ ಎತ್ತಿಕಟ್ಟಿ, ಸನಿಕೆ ಹಿಡಿದು ನೀರು ಹೊರಹೋಗಲು ಒಡ್ಡು ಕಡಿಯತೊಡಗಿದರು.

"ಬಿಡ್ರಿ ಮೇಡಂ, ಸತ್ತ ಬೆಳಿಗಿ ಯಾಕ ಒದ್ದಾಡ್ತೀರಿ? ನಾಳೆ ಟ್ರ್ಯಾಕ್ಟರ್ ಹೊಡಸ್ತೇನಿ," ಎಂದರು ಬದುವಿನ ಮೇಲೆ ನಿಂತು ನೋಡುತ್ತಿದ್ದ ರಾಜಪ್ಪನವರು.

"ಸತ್ತಿಲ್ರೀ, ಮಾಗೇತಿ! ಒಂದ ಗುಣಿ ಅಗದ ನೋಡ್ರಿ, ಆಮ್ಯಾಲ ಬೇಕಾದಷ್ಟ ಬೈಯ್ರಿ."

ರಾಜಪ್ಪನವರು ನಗುತ್ತಲೇ ಅಗೆಯತೊಡಗಿ, ಎರಡು ಮಗ್ಗುಲು ಮಣ್ಣು ತೆಗೆಯುವಷ್ಟರಲ್ಲಿ ನಗುವುದನ್ನು ಮರೆತರು. ಕೊಡದಷ್ಟು ದಪ್ಪನೆಯ ಗೆಡ್ಡೆಯನ್ನು ಎರಡೂ ಕೈಯಲ್ಲಿ ತಬ್ಬಿ ಎತ್ತಬೇಕಾಯಿತು. ಸಾತವ್ವ ಖುಷಿಗೆ ಅತ್ತರು, ರಾಜೇಶ್ವರಿಯವರೂ ಅತ್ತರು. ಕಚೇರಿಯ ಗತ್ತು ಆಗ ಎಲ್ಲಿ ಹೋಗಿತ್ತೋ ದೇವರೇ ಬಲ್ಲ.

ಇಂದು ಆ ಹೊಲದ ಬೀಜಗೆಡ್ಡೆ ಬೆಲ್ಲದ ಬಾಗೇವಾಡಿಯವರೆಗೂ ಹರಡಿದೆ. ಬೀಳ್ಕೊಡುಗೆಯ ದಿನ ರಾಜೇಶ್ವರಿಯವರಿಗೆ ಪೇಟಾ ತೊಡಿಸಿ ಸನ್ಮಾನಿಸಿದ ಮೇಲೆ, ನಾಲ್ಕು ಮಾತಾಡಿರೆಂದು ರಾಜಪ್ಪನವರನ್ನು ಕರೆದರೆ, "ಹೊಲದ ಮಾತ ಅಕೀನ ಕೇಳ್ರಿ," ಎಂದು ಮೈಕು ಹೆಂಡತಿಯ ಕೈಗಿತ್ತರು. ಸಾತವ್ವ ಭಾಷಣದ ಗೋಜಿಗೇ ಹೋಗಲಿಲ್ಲ. "ಮೇಡಂ, ಇನ್ನೂ ಒಂದ ಎಕರೆ ಕಬ್ಬ ತಗಿಯಾಕ ಠರಾಯಿಸೇನಿ. ಪೇಟಾ ಬಿಚ್ಚಿಟ್ಟ ನಾಳೆ ಹೊಲಕ್ಕ ಬರ್ರಿ."

ಇಂಥ ಕರೆಗಳು ರಾಜೇಶ್ವರಿಯವರಿಗೆ ನೂರು ವರ್ಷ ಬರುತ್ತಲೇ ಇರಲಿ, ಹೋಗಿಬರುವ ಕಾಲಿಗೆ ಕಸುವಿರಲಿ. ಸಾತವ್ವ ಅಂದದ್ದು ಈಗ ಅಪ್ಪಣೆ, ಮೀರುವ ಹಾಗಿಲ್ಲ.