ಹಿಡಿ ಇಲ್ಲದ ವೀಲ್‌ಚೇರ್

ನನ್ನ ವೀಲ್‌ಚೇರಿಗೆ ಒಂದು ಲಕ್ಷದ ಹತ್ತು ಸಾವಿರ ಬಿತ್ತು. ಸರ್ಜಿಕಲ್ ಅಂಗಡಿಯಲ್ಲಿ ಆರೇಳು ಸಾವಿರಕ್ಕೆ ಸಿಗುವ ವಸ್ತುವಿಗೆ ಇಷ್ಟು ಯಾಕೆ ಸುರಿದೆ ಎಂದು ಹೆಂಡತಿಯ ಕಡೆಯವರೆಲ್ಲ ಕೇಳಿದರು. ಕಾರಣ ಎರಡು. ಒಂದು, ಇದನ್ನು ನನ್ನ ಸೊಂಟದ ಅಳತೆ ಹಿಡಿದು ಮಾಡಿದ್ದಾರೆ. ಹಗುರ, ಒಂದೇ ಒತ್ತಿಗೆ ಗಾಲಿ ಕಳಚುತ್ತದೆ, ಆಟೋದಲ್ಲಿ ಹಿಡಿಯುತ್ತದೆ. ಇನ್ನೊಂದು, ಇದರ ಬೆನ್ನಿಗೆ ತಳ್ಳುವ ಹಿಡಿ ಇಲ್ಲ. ಎರಡು ಹಿಡಿ ಕಡಿಮೆ ಇರುವಾಗ ದುಡ್ಡೂ ಕಡಿಮೆಯಾಗಬೇಕಲ್ಲವೇ ಎಂದು ಕಂಪನಿಯವನೊಂದಿಗೆ ವಾದಿಸಿದೆ.

‘ಸಾರ್, ಹ್ಯಾಂಡಲ್ ಇಲ್ದೇ ಇರೋದಕ್ಕೇ ಈ ಮಾಡೆಲ್‌ಗೆ ಡಿಮ್ಯಾಂಡು’ ಎಂದ ಅವನು.

ಕೇಳಿದಷ್ಟು ಕೊಟ್ಟೆ. ಅಲ್ಲಿಯವರೆಗಿನ ಬದುಕಿನಲ್ಲಿ ನಾನು ಕೇಳಿದಷ್ಟು ಕೊಟ್ಟು ತಂದದ್ದು ಅದೊಂದೇ ಇರಬೇಕು. ಕೊಡದೆ ವಿಧಿ ಇರಲಿಲ್ಲ. ನನ್ನ ಕಸುಬು ನಿಂತಿದ್ದೇ ಎದ್ದು ಹೋಗುವುದರ ಮೇಲೆ.

ಮುಚ್ಚಿದ ಹೋಟೆಲುಗಳ ಸಾಮಾನು ಕೊಂಡು ಮಾರುವವನು ನಾನು. ಇಂದಿರಾನಗರದಲ್ಲಿ ಒಂದು ಕೆಫೆಯ ಬೋರ್ಡು ಏರುವ ಹೊತ್ತಿಗೆ ಪಕ್ಕದಲ್ಲಿ ಇನ್ನೊಂದರದ್ದು ಇಳಿಯುತ್ತಿರುತ್ತದೆ. ಇಳಿಯುವ ಬೋರ್ಡಿನ ಹಿಂದೆ ಡೀಪ್ ಫ್ರೀಜರು, ಕಾಫಿ ಮೆಷಿನ್ನು, ಸ್ಟೀಲ್ ಟೇಬಲ್ಲು ಎಲ್ಲ ಇರುತ್ತವೆ. ಇಡೀ ಲಾಟ್ ಎತ್ತಿ ಕೆ.ಆರ್. ಪುರದ ನನ್ನ ಶೆಡ್ಡಿಗೆ ಸಾಗಿಸಿ, ತೊಳೆದು, ಉಜ್ಜಿ, ಹೊಸದಾಗಿ ಹೋಟೆಲು ಹಾಕುವವರಿಗೆ ಮಾರುತ್ತಿದ್ದೆ. ಅವರಲ್ಲಿ ಕೆಲವರ ಸಾಮಾನು ಮತ್ತೆ ನನ್ನ ಶೆಡ್ಡಿಗೇ ಬರುತ್ತಿತ್ತು.

ಈ ವಿದ್ಯೆ ಕಲಿಸಿದ್ದು ಶಿವಾಜಿನಗರದ ಒಬ್ಬ ಹಳೆಯ ವ್ಯಾಪಾರಿ. ಎಲ್ಲರೂ ಭಾಯ್ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ‘ಬಾಯಿಂದ ರೇಟ್ ಇಳಿಯಲ್ಲ ಬೇಟಾ, ಚಪ್ಲಿಯಿಂದ ಇಳಿಯುತ್ತೆ’ ಎನ್ನುತ್ತಿದ್ದ. ನಿನ್ನ ರೇಟು ಹೇಳು. ಅವನು ಆಗಲ್ಲ ಅಂದರೆ ಎದ್ದು ಚಪ್ಪಲಿ ಮೆಟ್ಟಿ ನಡೆ. ಬೇಗ ನಡೆದರೆ ಕೋಪ ಬಂದಿದೆ ಅಂದ್ಕೋತಾನೆ, ನಿಧಾನ ನಡೆದರೆ ಆಸೆ ಇದೆ ಅಂದ್ಕೋತಾನೆ. ಹಿಂದೆ ಮಾತ್ರ ತಿರುಗಿ ನೋಡಬೇಡ; ನೋಡಿದವನೇ ದುಡ್ಡು ತೆರುವವನು. ಬೆನ್ನ ಹಿಂದಿನಿಂದ ‘ಅರೆ, ಬನ್ನಿ ಸಾರ್’ ಎಂಬ ಕೂಗು ಬರುವವರೆಗೆ ನಡೆಯುತ್ತಲೇ ಇರಬೇಕು. ನನ್ನ ಶೆಡ್ಡು, ಹಲಸೂರಿನ ಮನೆ, ಮಗಳ ಕಾಲೇಜು, ಎಲ್ಲವೂ ಆ ನಡಿಗೆಯಿಂದ ಬಂದವು.

ಬಿದ್ದ ಕತೆ ಚಿಕ್ಕದು. ಮುಚ್ಚಿದ ಹೋಟೆಲೊಂದರ ಅಡುಗೆಮನೆಯಲ್ಲಿ ಒಲೆಯ ಮೇಲಿನ ಹೊಗೆ ಎಳೆಯುವ ಸ್ಟೀಲ್ ಹುಡ್ ಬಿಚ್ಚಿಸುತ್ತಿದ್ದೆ. ಕಟ್ಟೆಯ ಮೇಲೆ ಹತ್ತಿ ನಾನೇ ಕೈ ಕೊಟ್ಟೆ. ಕೊನೆಯ ಬೋಲ್ಟು ಬಿಟ್ಟುಕೊಂಡಿತು, ಹುಡ್ಡಿನ ಜೊತೆ ನಾನೂ ಬಂದೆ. ಸೊಂಟದಿಂದ ಕೆಳಗೆ ಏನೂ ಉಳಿಯಲಿಲ್ಲ. ಆಪರೇಷನ್ ಆದ ಮೇಲೆ ಡಾಕ್ಟರು ಇನ್ನು ನಡೆಯುವುದಿಲ್ಲ ಎಂದರು. ಹೇಳುವವನ ಮುಖ ನೋಡಿದರೆ ಅದು ಶುರುವಿನ ರೇಟೋ ಕೊನೆಯ ರೇಟೋ ನನಗೆ ಗೊತ್ತಾಗುತ್ತದೆ. ಅದು ಕೊನೆಯದು. ಎಣ್ಣೆ, ನಾಟಿ ವೈದ್ಯ, ಹರಕೆ ಎಂದು ಬಂದವರನ್ನೆಲ್ಲ ಹೆಂಡತಿಯ ಮೂಲಕ ಕಾಫಿ ಕೊಡಿಸಿ ಕಳಿಸಿದೆ. ದುಡ್ಡು ಮುಂದಕ್ಕೆ ಬೇಕಿತ್ತು.

ದೊಡ್ಡನೆಕ್ಕುಂದಿ ಕಡೆಯ ಒಂದು ಪುನರ್ವಸತಿ ಕೇಂದ್ರಕ್ಕೆ ಸೇರಿದೆ. ಅಲ್ಲಿ ನನ್ನನ್ನು ನೋಡಿಕೊಂಡ ಫಿಸಿಯೋಥೆರಪಿಸ್ಟ್ ಧಾರವಾಡದ ಕಡೆಯ ಹೆಣ್ಣುಮಗಳು. ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಮೊದಲ ದಿನವೇ ಕೇಳಿದಳು: ‘ನಿಮಗ ಏನ್ ಕಲೀಬೇಕಾಗೇದ್ರಿ ಸರ?’

‘ಎದ್ದು ಹೋಗೋದು ಕಲಿಸಿ ಮೇಡಂ.’

‘ಏಳೂದು ಆಗಂಗಿಲ್ರಿ. ಸುಳ್ಳ ಹೇಳಂಗಿಲ್ಲ ನಾ.’

‘ಏಳೋದು ನೀವೇ ಇಟ್ಕೊಳ್ಳಿ. ಹೋಗೋದು ಕೊಡಿ ಸಾಕು.’

‘ಬಂದ ದಿನಾನ ಚೌಕಾಸಿ ಚಾಲೂ ಮಾಡಿದ್ರೇನ್ರಿ!’ ಎಂದು ನಕ್ಕಳು. ಆದರೆ ಕೊಟ್ಟಳು. ಹಲಗೆಯ ಮೇಲೆ ಜಾರಿ ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಆಟೋ ಸೀಟಿಗೆ ಹೋಗುವುದು. ಹೊತ್ತು ಹೊತ್ತಿಗೆ ಟ್ಯೂಬು ಹಾಕಿ ನಾನೇ ಮೂತ್ರ ತೆಗೆಯುವುದು. ಕೂತಲ್ಲೇ ಕೈಯೂರಿ ಆಗಾಗ ಮೈ ಎತ್ತುವುದು, ಕನ್ನಡಿ ಹಿಡಿದು ಕುಂಡೆಯ ಚರ್ಮ ಕೆಂಪಾಗಿದೆಯೇ ನೋಡಿಕೊಳ್ಳುವುದು. ಕುರ್ಚಿ ಸಮೇತ ಬಿದ್ದರೆ ಹೇಗೆ ಏಳುವುದು. ಕೊನೆಗೆ, ನಾನು ಕಾಯುತ್ತಿದ್ದದ್ದು: ಮುಂದಿನ ಗಾಲಿ ಎತ್ತಿ, ಹಿಂದಿನ ಎರಡರ ಮೇಲೆ ತೂಗಿ, ಒಂದು ಮೆಟ್ಟಿಲು ಇಳಿಯುವುದು.

‘ಒಂದ ಮೆಟ್ಲಾ ಆದ್ರ ನೀವ ಇಳೀರಿ. ಮೂರ ಇದ್ರ ಯಾರನ್ನರ ಕರೀರಿ. ಕರಿಯಾಕ ನಾಚಬ್ಯಾಡ್ರಿ’ ಎಂದಿದ್ದಳು. ನಾಚಿಕೆಯ ಮಾತಲ್ಲ ಅದು, ರೇಟಿನ ಮಾತು ಎಂದು ಅವಳಿಗೆ ಹೇಗೆ ಹೇಳುವುದು?

ಮನೆಗೆ ಬಂದ ಮೇಲೆ ಗಲ್ಲಿಯಲ್ಲಿ ಗಾಲಿ ತಿರುಗಿಸಿ ಹೋಗುವುದನ್ನು ದಿನಾ ಅಭ್ಯಾಸ ಮಾಡಿದೆ. ಅಂಗೈ ಕಾಯಿಗಟ್ಟಿತು. ಹೂವಿನ ಅಜ್ಜಿ ‘ಪಾವಂ’ ಎನ್ನುತ್ತಿದ್ದಳು, ಇಸ್ತ್ರಿಯವನು ‘ಅಯ್ಯೋ ಪಾಪ’ ಎನ್ನುತ್ತಿದ್ದ, ಕೋಳಿ ಅಂಗಡಿಯವನು ‘ಬೇಚಾರಾ’. ನಮ್ಮ ಗಲ್ಲಿಯಲ್ಲಿ ಯಾವ ಭಾಷೆಯಲ್ಲೂ ಬೇರೆ ಮಾತು ಇರಲಿಲ್ಲ.

ಮೊದಲ ಪರೀಕ್ಷೆಗೆ ಹೆಂಡತಿಯನ್ನು ಜೊತೆ ಮಾಡಿಕೊಂಡು ಶಿವಾಜಿನಗರಕ್ಕೇ ಹೋದೆ. ಹಳೆ ಸಾಮಾನಿನ ಸಾಲಿನಲ್ಲಿ ಒಂದು ತಕ್ಕಡಿ ಕಣ್ಣಿಗೆ ಬಿತ್ತು. ಅಂಗಡಿಯ ಹುಡುಗ ಎರಡು ಸಾವಿರ ಎಂದ. ನಾನು ಆರುನೂರು ಎಂದೆ. ಇಂಥ ರೇಟಿಗೆ ಅಲ್ಲಿ ಬೈಗುಳ ಸಿಗಬೇಕು; ‘ಕಬ್ಬಿಣದ ದುಡ್ಡೂ ಆಗಲ್ಲ, ಎಲ್ಲಿಂದ ಬರ್ತೀರಾ ಸ್ವಾಮಿ’ ಎನ್ನಬೇಕು. ಬೈಗುಳಕ್ಕಾಗಿ ಮೈಯೆಲ್ಲ ಕಿವಿಯಾಗಿ ಕೂತೆ. ಹುಡುಗ ನನ್ನ ಕಾಲು ನೋಡಿದ, ಗಾಲಿ ನೋಡಿದ.

‘ತಗೊಳ್ಳಿ ಅಂಕಲ್’ ಎಂದ. ‘ಕಮ್ಮಿ ಇದ್ರೆ ಐನೂರೇ ಕೊಡಿ.’

ದಾರಿಯಲ್ಲಿ ಹೆಂಡತಿ ಹೇಳಿದಳು: ‘ಒಳ್ಳೇದೇ ಆಯ್ತಲ್ಲ ರೀ. ಮುಖ ಯಾಕೆ ಹಂಗೆ ಮಾಡ್ಕೊಂಡಿದೀರ?’

‘ಅವನು ನನ್ ಜೊತೆ ವ್ಯಾಪಾರಾನೇ ಮಾಡ್ಲಿಲ್ಲ ಕಣೇ.’

ಚಿಲ್ಲರೆ ಸಾಮಾನಿನಲ್ಲಿ ಹಾಗಾಗುತ್ತದೆ, ಲಕ್ಷದ ಮಾತಿನಲ್ಲಿ ಯಾರೂ ಕಾಲು ನೋಡುವುದಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಆಗಲೇ ಇಂದಿರಾನಗರದ ಕೆಫೆಯೊಂದರಿಂದ ಫೋನು ಬಂತು. ಲಾಟ್ ಇದೆ, ಬೇಗ ಖಾಲಿ ಮಾಡಬೇಕು. ಮೆಟ್ಟಿಲು ಇದೆಯಾ ಎಂದು ಕೇಳಿದೆ. ‘ಗ್ರೌಂಡ್ ಫ್ಲೋರ್ ಸಾರ್, ಏನೂ ತೊಂದ್ರೆ ಇಲ್ಲ’ ಎಂದ ಮಾಲೀಕ. ಶೆಡ್ಡಿನ ಬಾಡಿಗೆ ಕೈಯಿಂದ ಹೋಗುತ್ತಿತ್ತು. ಈ ಒಂದು ಲಾಟನ್ನು ಒಬ್ಬನೇ ಹೋಗಿ, ಒಬ್ಬನೇ ಮುಗಿಸಿಕೊಂಡು ಬಂದರೆ ಕಸುಬು ಉಳಿಯಿತು ಎಂದುಕೊಂಡೆ. ಹೆಂಡತಿ ಬರುತ್ತೇನೆ ಎಂದರೂ ಬೇಡವೆಂದೆ. ಆಟೋ ಹತ್ತಿದೆ, ಇಳಿದೆ. ಡ್ರೈವರು ಗಾಲಿ ಜೋಡಿಸಿ ಕೊಟ್ಟದ್ದು ಬಿಟ್ಟರೆ ಯಾರ ಕೈಯೂ ತಾಗಲಿಲ್ಲ.

ಕೆಫೆಯ ಬಾಗಿಲಿಗೆ ಮೂರು ಗ್ರಾನೈಟ್ ಮೆಟ್ಟಿಲು. ಇಬ್ಬರು ಸೆಕ್ಯೂರಿಟಿಯವರು ಎತ್ತಿ ಒಳಗೆ ಬಿಟ್ಟರು. ಒಳಗೆ ಹೋಗುವಾಗ ಎತ್ತಿಸಿಕೊಳ್ಳುವುದರಿಂದ ನಷ್ಟವಿಲ್ಲ, ಮದುಮಗನನ್ನೂ ಎತ್ತುತ್ತಾರೆ.

ಮಾಲೀಕನಿಗೆ ಮೂವತ್ತರ ಆಸುಪಾಸು. ಬರ್ಮುಡಾ ಹಾಕಿಕೊಂಡು, ನಿದ್ದೆಗೆಟ್ಟ ಕಣ್ಣಿನಲ್ಲಿ, ಖಾಲಿ ಶೆಲ್ಫುಗಳ ನಡುವೆ ನಿಂತಿದ್ದ. ಸಾಮಾನು ನೋಡಿದೆ, ಮೆಷಿನ್ನು ಹೊಸದರ ಹಾಗೇ ಇತ್ತು. ಅವನು ಮೂರು ಲಕ್ಷ ಎಂದ. ನಾನು ಒಂದೂವರೆ ಎಂದೆ. ಮಧ್ಯದಲ್ಲೆಲ್ಲೋ, ಎರಡರ ಮೇಲೆ, ಮುಗಿಯುತ್ತದೆಂದು ಇಬ್ಬರಿಗೂ ಗೊತ್ತು. ಒಂದೂವರೆ ಎಂಬುದು ಹೇಳುವ ರೇಟು, ಸಿಗುವ ರೇಟಲ್ಲ.

‘ಏನ್ ಸಾರ್, ತಮಾಷೆ ಮಾಡ್ತೀರಾ? ಮೆಷಿನ್ ಒಂದೇ ಅಷ್ಟಾಗುತ್ತೆ’ ಎಂದ.

ಎಷ್ಟು ಖುಷಿಯಾಯಿತು! ನನ್ನ ಮೇಲೆ ಒಬ್ಬ ರೇಗಿದ್ದ. ‘ಆಗಲ್ಲ ಅಂದ್ರೆ ಬಿಡಿ’ ಎಂದು ಒಂದು ಗಾಲಿ ಹಿಂದಕ್ಕೆ, ಒಂದು ಮುಂದಕ್ಕೆ ಎಳೆದೆ. ಕುರ್ಚಿ ಇದ್ದಲ್ಲೇ ತಿರುಗಿತು. ಬೇಗವೂ ಅಲ್ಲ, ನಿಧಾನವೂ ಅಲ್ಲ. ಗಾಜಿನ ಬಾಗಿಲು ಎಳೆದು ಹೊರಗೆ ಬಂದೆ.

ಮೆಟ್ಟಿಲ ತಲೆಯಲ್ಲಿ ನಿಂತೆ. ಸೆಕ್ಯೂರಿಟಿಯವರು ಟೀಗೆ ಹೋಗಿದ್ದರು.

ಹಿಂದೆ ನೋಡುವಂತಿಲ್ಲ, ಮುಂದೆ ಹೋಗುವಂತಿಲ್ಲ. ರಸ್ತೆಯಲ್ಲಿ ಗಾಡಿಗಳು ಹೋಗುತ್ತಿದ್ದವು. ಪಾರ್ಸೆಲ್ ಒಯ್ಯುವ ಹುಡುಗನೊಬ್ಬ ಫೋನಿನಿಂದ ತಲೆಯೆತ್ತಿ ನನ್ನನ್ನು ನೋಡಿ ಮತ್ತೆ ತಗ್ಗಿಸಿದ. ಬೇಡ ಎಂದು ಎದ್ದು ಬಂದ ವ್ಯಾಪಾರದಿಂದ ಹೊರಗೆ ಹೋಗಲು ಆ ಮಾಲೀಕನ ಅಪ್ಪಣೆಯೇ ಬೇಕಾಗಿತ್ತು.

ಬಾಗಿಲು ತೆರೆದ ಸದ್ದಾಯಿತು. ಅವನು ಬಂದು ನನ್ನ ಹಿಂದೆ ನಿಂತು, ಅಭ್ಯಾಸಬಲದಿಂದ ಹಿಡಿ ತಡಕಾಡಿದ. ಸಿಗಲಿಲ್ಲ. ಆ ಕೈ ನನ್ನ ಭುಜದ ಮೇಲೆ ಬಂದು ಕೂತಿತು.

‘ಬಿಸಿಲು ಸಾರ್, ಒಳಗೆ ಬನ್ನಿ. ನೀವು ಹೇಳಿದ್ ರೇಟಿಗೇ ಮುಗಿಸ್ಬಿಡೋಣ’ ಎಂದ. ‘ನಮ್ಮಪ್ಪನೂ ಎರಡು ವರ್ಷ ಮಂಚದ ಮೇಲೇ ಇದ್ರು.’

ನಷ್ಟದಲ್ಲಿ ಮುಳುಗಿದವನು ಅವನು. ಆ ದುಡ್ಡು ನನಗಿಂತ ಅವನಿಗೆ ಬೇಕಿತ್ತು. ನಾನು ತಲೆಯಾಡಿಸಿದೆ. ಲಾಟ್ ನನ್ನದಾಯಿತು.

ಸುದ್ದಿ ಭಾಯ್‌ಗೆ ಮುಟ್ಟಿತು. ಅಷ್ಟರಲ್ಲಿ ನನಗೆ ಇನ್ನೂ ಎರಡು ಲಾಟ್ ಕರೆ ಬಂದು ಹೋಗಿದ್ದವು: ಒಂದು ನೆಲಮಾಳಿಗೆ, ಇನ್ನೊಂದು ಲಿಫ್ಟ್ ಇಲ್ಲದ ಎರಡನೇ ಮಹಡಿ. ಶೆಡ್ಡು ಬಿಡುವುದೇ ಎಂದು ಯೋಚಿಸುತ್ತಿದ್ದಾಗ ಭಾಯ್ ಅಂಗಡಿಗೆ ಕರೆಸಿದ. ಆಸ್ಪತ್ರೆಯಲ್ಲಿದ್ದಾಗ ವಾರವಾರ ಕಾಲುಸೂಪು ಹಿಡಿದುಕೊಂಡು ಬಂದು ತಾನೇ ಕುಡಿಸಿ ಹೋಗುತ್ತಿದ್ದ ಮನುಷ್ಯ. ಕೈಗಾಡಿ ಹತ್ತಿಸಲು ಅವನ ಅಂಗಡಿಯ ಮುಂದೆ ತಗಡಿನ ಇಳಿಜಾರು ಇದೆ; ಸಲೀಸಾಗಿ ಒಳಗೆ ಹೋದೆ.

‘ಒಂದೂವರೆಗೆ ಆ ಮಾಲು! ನಾನ್ ಹೋಗಿದ್ರೂ ಎರಡರ ಕೆಳಗೆ ಇಳೀತಿರ್ಲಿಲ್ಲ. ಏನ್ ಮಾತಾಡ್ದೆ ಅವನ ಹತ್ರ?’

‘ಏನೂ ಇಲ್ಲ ಭಾಯ್. ಮೆಟ್ಲ ಹತ್ರ ಕೂತಿದ್ದೆ.’

‘ವಹೀಚ್ ಬಾತ್, ಅದೇ ವಿಷ್ಯ’ ಎಂದ ಭಾಯ್. ಟೀ ಲೋಟ ಕೆಳಗಿಟ್ಟ. ‘ಇನ್ಮೇಲೆ ನನ್ ಜೊತೆ ಬಾ. ಹುಡುಗರು ಎತ್ಕೊಂಡು ಹೋಗ್ತಾರೆ, ಎಷ್ಟ್ ಮೆಟ್ಲಾದ್ರೂ ಇರ್ಲಿ. ನಾನ್ ಮಾತಾಡ್ತೀನಿ. ನೀನು ಕೂತಿರು, ಬಸ್.’

‘ಭಿಕ್ಷೆ ಎತ್ತೋಕಾ?’

‘ನಕ್ಕೋ ಬೋಲ್ ಐಸಾ, ಹಂಗೆಲ್ಲ ಅನ್ಬೇಡ. ನಾವೇನ್ ಕೇಳ್ತೀವಾ? ಅವರ ಕಣ್ಣು, ಅವರ ದಿಲ್. ಒಬ್ಬನೇ ಹೋಗಿ ಎಷ್ಟು ಬಾಗ್ಲಲ್ಲಿ ನಿಲ್ತೀಯ ನೀನು? ಮನೇಲಿ ಕೂತು ಏನ್ ತಿಂತೀಯ?’

ಅವನು ಹೇಳಿದ್ದರಲ್ಲಿ ಸುಳ್ಳು ಹುಡುಕಿದೆ, ಇರಲಿಲ್ಲ.

‘ಲಾಭದಲ್ಲಿ ರೂಪಾಯಿಗೆ ನಾಲ್ಕಾಣೆ ನಿಂದು’ ಎಂದ.

‘ಎಂಟಾಣೆ.’

‘ತಲೆ ಕೆಟ್ಟಿದೆಯಾ? ಬಂಡವಾಳ ನಂದು, ಹುಡುಗರು ನಂದು. ಐದಾಣೆ. ಆಖ್ರಿ.’

ಕುರ್ಚಿ ತಿರುಗಿಸಿದೆ. ತಗಡಿನ ಮೇಲೆ ಗಾಲಿ ಹಿಡಿದು ಹಿಡಿದು ಇಳಿದೆ. ಬೇಗವೂ ಅಲ್ಲ, ನಿಧಾನವೂ ಅಲ್ಲ. ಟೀ ಅಂಗಡಿ ದಾಟಿದೆ, ಕಬ್ಬಿಣದ ಸಾಲು ದಾಟಿದೆ. ಚರಂಡಿಯ ಚಪ್ಪಡಿ ಒಂದು ಮೆಟ್ಟಿಲಿನಷ್ಟು ತಗ್ಗಿತ್ತು. ಮುಂಗಾಲಿ ಎತ್ತಿ ಇಳಿಸಿದೆ. ಧಾರವಾಡದ ಹುಡುಗಿ ನೋಡಿದ್ದರೆ ಚಪ್ಪಾಳೆ ತಟ್ಟುತ್ತಿದ್ದಳು.

‘ಅರೆ, ವಾಪಸ್ ಆಜಾ ರೇ! ಎಂಟಾಣೆ, ಹೋಗ್ಲಿ, ಎಂಟಾಣೆ!’

ತಿರುಗಿ ಹೋದೆ. ಭಾಯ್ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದ. ‘ಚಪ್ಲಿ ಇಲ್ದೇನೂ ಇಳಿಸಿದ್ಯಲ್ಲೋ ಶೈತಾನ್!’ ಬಿದ್ದ ಮೇಲೆ ನಾನು ಸರಿಯಾಗಿ ಎದ್ದು ಹೋಗಿ ಕುದುರಿಸಿದ ರೇಟು ಅದೊಂದೇ.

ಹೊರಡುವಾಗ ಅವನೇ ಹೇಳಿದ: ‘ಒಂದ್ ಮಾತು. ಕುರ್ಚಿಗೆ ಹ್ಯಾಂಡಲ್ ಹಾಕಿಸು. ತಳ್ಕೊಂಡು ಬಂದ್ರೇನೇ ನೋಡೋರಿಗೆ…’ ಅದಕ್ಕೆ ನಾನು ಚೌಕಾಸಿ ಮಾಡಲಿಲ್ಲ.

ಮುಂದಿನ ಸಲ ತಪಾಸಣೆಗೆ ಹೋದಾಗ ಆ ಹುಡುಗಿ ಕುರ್ಚಿಯ ಸುತ್ತ ಬಂದು ಬೆನ್ನಿನ ಹೊಸ ಹಿಡಿ ಮುಟ್ಟಿದಳು. ‘ಇದ್ಯಾಕ ಬಂತ್ರಿ ಸರ?’

‘ಬ್ಯಾಗ್ ನೇತಾಕೋಕೆ ಮೇಡಂ.’

ಅವಳು ನನ್ನ ಅಂಗೈ ತಿರುಗಿಸಿ ನೋಡಿದಳು. ಕಾಯಿ ಮೆತ್ತಗಾಗಿತ್ತು. ವ್ಯಾಪಾರದ ಮಾತು ನಡೆಯುವಾಗ ಕೈ ಗಾಲಿಯ ಮೇಲೆ ಇಡಬೇಡ, ತೊಡೆಯ ಮೇಲಿಡು ಎಂದು ಭಾಯ್ ಹೇಳಿದ್ದಾನೆ. ಹಾಗೇ ಇಡುತ್ತೇನೆ. ಶೆಡ್ಡು ಉಳಿದಿದೆ, ತುಂಬಿದೆ.

ನಿಮಗೆ ಅಥವಾ ನಿಮ್ಮ ಮನೆಯವರಿಗೆ ಇಂಥದ್ದಾಗಿದ್ದರೆ ನಾನು ಹೇಳುವುದು ಇಷ್ಟು. ಮೊದಲ ತಿಂಗಳುಗಳಲ್ಲಿ ವೀಲ್‌ಚೇರ್ ಕೊಳ್ಳಬೇಡಿ, ಬಾಡಿಗೆಗೆ ತನ್ನಿ. ಸೊಂಟ, ತೊಡೆ ಇಳಿದು ಒಂದು ಅಳತೆಗೆ ನಿಂತ ಮೇಲೆ ಅಳೆಸಿ. ಆದರೆ ಬಾಡಿಗೆ ಕುರ್ಚಿಗೂ ಕೂರುವ ದಿಂಬು ಒಳ್ಳೆಯದೇ ಇರಲಿ, ಅಲ್ಲಿ ಜಿಪುಣತನ ಮಾಡಿದರೆ ಹುಣ್ಣು ಬಡ್ಡಿ ಸಮೇತ ವಸೂಲಿ ಮಾಡುತ್ತದೆ. ಕನ್ನಡಿ ಮರೆಯಬೇಡಿ. ಎಲ್ಲಿಗಾದರೂ ಹೋಗುವ ಮುಂಚೆ ‘ಮೆಟ್ಟಿಲು ಇದೆಯಾ’ ಎಂದು ಕೇಳಬೇಡಿ. ಮೂರು ಮೆಟ್ಟಿಲನ್ನು ಯಾರೂ ಮೆಟ್ಟಿಲು ಎಂದು ಲೆಕ್ಕಕ್ಕಿಡುವುದಿಲ್ಲ. ಬಾಗಿಲಿನ ಫೋಟೋ ಕಳಿಸಿ ಎನ್ನಿ. ಫೋಟೋದಲ್ಲಿ ಒಳಗೆ ಹೋಗುವ ದಾರಿ ನೋಡಬೇಡಿ, ಯಾರನ್ನೂ ಕೇಳದೆ ಹೊರಗೆ ಬರುವ ದಾರಿ ಇದೆಯೇ ನೋಡಿ. ಇಲ್ಲದಿದ್ದರೆ ಅವರನ್ನೇ ರಸ್ತೆಗೆ ಕರೆದು ಮಾತಾಡಿ.

ಕುರ್ಚಿ ಮಾತ್ರ ಹಿಡಿ ಇಲ್ಲದ್ದನ್ನೇ ತೆಗೆದುಕೊಳ್ಳಿ, ದುಡ್ಡು ಜಾಸ್ತಿಯಾದರೂ ಸರಿ. ಹಿಡಿ ಬೇಕಾದರೆ ಆಮೇಲೆ ಯಾವಾಗ ಬೇಕಾದರೂ ಹಾಕಿಸಬಹುದು. ನಾಲ್ಕು ಬೋಲ್ಟಿನ ಕೆಲಸ. ತಡವಾದಷ್ಟೂ ಒಳ್ಳೆಯದು.