ಕರ್ನಲ್ ಚೆಲ್ಲಿದ ಸಾಲುಗಳು

ತಪ್ಪು ಮಾಡದವರು ಬೈಸಿಕೊಳ್ಳುವುದನ್ನು ನೋಡಿದರೆ ಬಸವಂತರಾಯನಿಗೆ ಅನ್ನ ಇಳಿಯುತ್ತಿರಲಿಲ್ಲ. ೧೯೭೮ರ ಆ ಮಳೆಗಾಲದಲ್ಲಿ ಅವನು ಸರಿಯಾಗಿ ಉಂಡದ್ದನ್ನು ನಾನು ಕಾಣೆ.

ನಾವಿಬ್ಬರೂ ಮುಂಬಯಿಯ ಪರೇಲಿನ ಔಷಧ ಕಂಪನಿಯೊಂದರ ಕಂಪ್ಯೂಟರ್ ಕೋಣೆಯಲ್ಲಿದ್ದೆವು. ವಿಲೆ ಪಾರ್ಲೆಯ ಶಾಖೆಯಲ್ಲಿ ದೇವಕ್ಕ ಟೈಪು ಮಾಡಿದ ಆರ್ಡರುಗಳು ಟೆಲಿಫೋನ್ ತಂತಿಯಲ್ಲಿ ನಮ್ಮ ಯಂತ್ರಕ್ಕೆ ಬರಬೇಕು. ಬರುತ್ತಿದ್ದವು, ಆದರೆ ನಡುನಡುವೆ ಸಾಲುಗಳೇ ಮಾಯ. ಮ್ಯಾನೇಜರ್ ಖಂಡಪ್ಪನವರ ತೀರ್ಪು ಸಿದ್ಧವಾಗಿತ್ತು: "ಆಕಿಗೆ ಟೈಪಿಂಗ ಬರೂದಿಲ್ಲ. ಪ್ಯಾಕಿಂಗಿಗೆ ಹಾಕ್ರಿ."

"ನಾ ಹೊಡದೇನ್ರಿ ರಾಯರ, ಒಂದೂ ಬಿಟ್ಟಿಲ್ಲ," ಎಂದು ದೇವಕ್ಕ ಫೋನಿನಲ್ಲಿ ಅತ್ತಳು.

ತಂತಿ ಸರಿಯಾಗಿಯೇ ಇತ್ತು. ಬಸವಂತರಾಯ ಯಂತ್ರದೊಳಗೆ ಹುಡುಕಿದ. ತಂತಿಯಲ್ಲಿ ಬಂದ ಪ್ರತಿ ಅಕ್ಷರವನ್ನು ಮೊದಲು ಹಿಡಿಯುವುದು ಕರ್ನಲ್, ಎಂದರೆ ಯಂತ್ರದ ಉಸ್ತುವಾರಿ ನೋಡುವ ಮೂಲ ಪ್ರೋಗ್ರಾಮು. ಅದು ಅಕ್ಷರಗಳನ್ನು ಬಫರ್ ಎಂಬ ಸಣ್ಣ ಜಾಗದಲ್ಲಿ ಕೂಡಿಡುತ್ತದೆ. ಆರ್ಡರುಗಳನ್ನು ಬರೆದುಕೊಳ್ಳುವ ನಮ್ಮ ಪ್ರೋಗ್ರಾಮು ಕೇಳಿದಾಗ ಒಂದು ಸಾಲು ಕೊಡುತ್ತದೆ. ಕೇಳದಿದ್ದರೆ ಬಫರ್ ತುಂಬುತ್ತದೆ. ಆಮೇಲೆ ಬಂದದ್ದನ್ನೆಲ್ಲ ಕರ್ನಲ್ ಸುಮ್ಮನೆ ಚೆಲ್ಲುತ್ತದೆ, ಯಾರಿಗೂ ಹೇಳುವುದಿಲ್ಲ.

"ಚೆಲ್ಲೂದ ಚೆಲ್ಲತಿ, ಒಂದ ಮಾತ ಒದರಬಾರದ?" ಎಂದು ಅವನು ಯಂತ್ರಕ್ಕೆ ಬೈದ.

ಪ್ರೋಗ್ರಾಮು ಯಾಕೆ ಕೇಳುತ್ತಿರಲಿಲ್ಲ? ಖಂಡಪ್ಪನವರಿಗೆ ಕಾಗದದ ಮೇಲೆ ಬಂದರಷ್ಟೇ ನಂಬಿಕೆ. ಪ್ರತಿ ಸಾಲನ್ನೂ ಮೂರು ಸಲ ಅಚ್ಚು ಹಾಕಿಯೇ ಮುಂದಿನದನ್ನು ಮುಟ್ಟಬೇಕೆಂಬುದು ಅವರದೇ ಅಪ್ಪಣೆ. ಆ ಮುದಿ ಪ್ರಿಂಟರ್ ಕುಟ್ಟುತ್ತಾ ಕೂತರೆ, ದೇವಕ್ಕನ ಬೆರಳು ಎಲ್ಲೋ ಮುಂದೆ ಓಡಿರುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ಬಸವಂತರಾಯ ಹೋಗಿ ಹೇಳಿದ. "ನನ್ನ ಮೂರ ಪ್ರತಿಗೆ ಕೈ ಹಚ್ಚಬ್ಯಾಡ," ಎಂದರು ಖಂಡಪ್ಪನವರು. ಅವನು ಕೇಳಲಿಲ್ಲ. ಬಂದ ಸಾಲುಗಳನ್ನೆಲ್ಲ ಮೊದಲು ಎತ್ತಿಟ್ಟುಕೊಂಡು ಅಚ್ಚು ಆಮೇಲೆ ಹಾಕುವಂತೆ, ಭಾನುವಾರ ಕೂತು ಪ್ರೋಗ್ರಾಮು ತಿದ್ದಿದ.

ಸೋಮವಾರ ಒಂದು ಸಾಲೂ ತಪ್ಪಲಿಲ್ಲ. ಅವನು ಕಾಗದ ಹಿಡಿದು ಮ್ಯಾನೇಜರರ ಕೋಣೆಗೆ ಓಡಿದ.

"ನೋಡಿದ್ಯಾ?" ಖಂಡಪ್ಪನವರು ನಗುತ್ತಿದ್ದರು. "ಆಕಿನ್ನ ತಗದೆ, ಎಲ್ಲಾ ಸರಿ ಆತು."

ಅಂದು ಬೆಳಿಗ್ಗೆಯೇ ದೇವಕ್ಕನನ್ನು ಪ್ಯಾಕಿಂಗಿಗೆ ಕಳಿಸಿ, ಅವಳ ಜಾಗದಲ್ಲಿ ಪೂವಪ್ಪನೆಂಬವನನ್ನು ಕೂರಿಸಿದ್ದರು. ಅವನು ಎರಡು ಬೆರಳಲ್ಲಿ ಹುಡುಕಿ ಹುಡುಕಿ ಒತ್ತುವವನು.

"ಪ್ರೋಗ್ರಾಮ ತಿದ್ದೀನ್ರಿ, ಅದಕ್ಕ ಸರಿ ಆಗೇತಿ. ದೇವಕ್ಕನ್ನ ಒಂದ ದಿನ ಕೂಡಿಸಿ ನೋಡ್ರಿ."

"ಬ್ಯಾಡ ಅಂದ್ರೂ ತಿದ್ದೀ? ಮೊದಲಿನಂಗ ಮಾಡು, ಇಲ್ಲಾಂದ್ರ ನೀನೂ ಪ್ಯಾಕಿಂಗಿಗೆ ನಡಿ."

ಸಂಜೆಯೊಳಗೆ ಹಳೆಯ ಪ್ರೋಗ್ರಾಮು ಮರಳಿತು. ಪೂವಪ್ಪನ ನಿಧಾನಕ್ಕೆ ಅದೇ ಸಾಕಾಯಿತು; ಅವನು ಒಂದು ಸಾಲು ಒತ್ತುವಷ್ಟರಲ್ಲಿ ಪ್ರಿಂಟರ್ ಮೂರು ಪ್ರತಿ ಕುಟ್ಟಿ ಮುಗಿಸುತ್ತಿತ್ತು. ಮಂಗಳವಾರವೂ ಒಂದು ಸಾಲು ತಪ್ಪಲಿಲ್ಲ. ದೇವಕ್ಕ ಪ್ಯಾಕಿಂಗಿನಲ್ಲೇ ಉಳಿದಳು.