ಭಾಗ್ಯಳ ಎಡಗೈ

ಹಸುವನ್ನು ಕೊಟ್ಟಿಗೆಯಿಂದ ಬಿಚ್ಚಿ ಬೀದಿಗೆ ತಂದು ಕಟ್ಟಿದ್ದರು. ಮಾದಿಹಳ್ಳಿಯ ಜಯದೇವಪ್ಪನವರ ಕೊಟ್ಟಿಗೆಗೆ ಹೋಗಬೇಕಾದರೆ ನಡುಮನೆ ದಾಟಬೇಕು. ದಾಟಬೇಡ ಎಂದು ಭಾಗ್ಯಳಿಗೆ ಯಾರೂ ಹೇಳಲಿಲ್ಲ. ಅವಳ ಸ್ಕೂಟರ್ ಬರುವ ಹೊತ್ತಿಗೆ ಹಸು ಲೈಟ್ ಕಂಬದ ಬುಡದಲ್ಲಿ ನಿಂತಿತ್ತು, ಅಷ್ಟೆ.

"ಯಾವಾಗ್ಲೂ ಬರೋ ಪುಟ್ಟರಾಜನ ಫೋನು ಸ್ವಿಚ್ಚಾಫ್ ಬತ್ತಾ ಐತೆ. ಅದಕ್ಕೇ ನಿನ್ನ ಕರೆಸ್ದೆ," ಎಂದರು ಜಯದೇವಪ್ಪ. "ಬೆಳಗಿಂದ ಒಂದೇ ಸಮ ಅರಚ್ತಾ ಐತೆ, ಲೋಳೇನೂ ಹಾಕೈತೆ. ಬೇಗ ಇಂಜೆಕ್ಷನ್ ಹಾಕ್ಬುಡು. ಹೊತ್ತು ಮೀರಿದ್ರೆ ನಿಲ್ಲಾಕಿಲ್ಲ."

ಬೆದೆಗೆ ಬಂದ ಹಸುವಿನ ಗರ್ಭಕೋಶಕ್ಕೆ ವೀರ್ಯದ ಕಡ್ಡಿ ಸೇರಿಸುವುದಕ್ಕೆ ಈ ಕಡೆಯವರೆಲ್ಲ ಇಂಜೆಕ್ಷನ್ ಎಂದೇ ಹೇಳುವುದು. ಆ ಕೆಲಸ ಕಲಿಯಲು ಭಾಗ್ಯ ಹೊರಟು ಇನ್ನೂ ಆರು ತಿಂಗಳಾಗಿರಲಿಲ್ಲ.

ಹುಟ್ಟಿದ್ದು ಕಣಕಟ್ಟೆಯಲ್ಲಿ. ಪಿಯುಸಿ ಫೇಲಾದ ಮೇಲೆ ಅರಸೀಕೆರೆಯ ಕೊಬ್ಬರಿ ಮಂಡಿಗೆ ಸೇರಿ ಹದಿನೇಳು ವರ್ಷ ಚಿಪ್ಪು ಒಡೆದಳು. ಏಟು ಚಿಪ್ಪಿಗೆ ಬೀಳಬೇಕು, ಒಳಗಿನ ಉಂಡೆಗೆ ಗೀರೂ ಆಗಬಾರದು. ಆಮೇಲೆ ಯಂತ್ರ ಬಂತು. ಒಂದು ಶನಿವಾರ, ಸೋಮವಾರದಿಂದ ಬರುವುದು ಬೇಡ ಎಂದು ಮೂವತ್ತು ಹೆಂಗಸರಿಗೆ ಒಟ್ಟಿಗೆ ಹೇಳಿದರು. ಮೂವತ್ತಾರು ವಯಸ್ಸು, ಡಿಗ್ರಿ ಇಲ್ಲ. ಹೋದಲ್ಲೆಲ್ಲ ಅದನ್ನೇ ಕೇಳಿದರು. ಹಾಲಿನ ಡೈರಿಯ ಗೋಡೆಗೆ ಅಂಟಿಸಿದ್ದ ಒಂದು ಚೀಟಿ ಮಾತ್ರ ಇಂಜೆಕ್ಷನ್ ಕೆಲಸ ಕಲಿಯಲು ಎಸ್ಸೆಸ್ಸೆಲ್ಸಿ ಸಾಕು ಎಂದಿತ್ತು. ತರಬೇತಿಯಲ್ಲಿ ಹತ್ತೊಂಬತ್ತು ಗಂಡಸರು, ಇವಳೊಬ್ಬಳು. "ಇಷ್ಟ್ ದಿನ ಕೊಬ್ಬರಿ ವಾಸ್ನೆ ಬತ್ತಿತ್ತು ಕಣೇ ನಿನ್ ಕೈ. ಇನ್ಮೇಲೆ ನಂಗೆ ಮುದ್ದೆ ನೀನ್ ಇಕ್ಬ್ಯಾಡ," ಎಂದು ತಾಯಿ ದ್ಯಾವಮ್ಮ ನಕ್ಕಿದ್ದಳು.

ಕಲಿತಾದ ಮೇಲೆ ಹಳೇಬೀಡಿನ ಸುತ್ತಲಿನ ಆರು ಊರು ಕೊಟ್ಟರು. ಮೂರು ತಿಂಗಳಲ್ಲಿ ಸಾಕಷ್ಟು ಜನ ಕರೆಯದಿದ್ದರೆ ಆ ಊರುಗಳು ಬೇರೆಯವರಿಗೆ. ಗಡುವಿಗೆ ಹದಿನೈದು ದಿನ ಉಳಿದಿತ್ತು. ಬಂದದ್ದು ನಾಲ್ಕು ಕರೆ. ಮಾದಿಹಳ್ಳಿಯಿಂದ ಇದೇ ಮೊದಲನೆಯದು.

ಭುಜದವರೆಗೆ ಗ್ಲೌಸ್ ಏರಿಸಿ, ಸೋಪಿನ ನೀರು ಸವರಿ, ಎಡಗೈಯನ್ನು ನಿಧಾನವಾಗಿ ಒಳಗೆ ಬಿಟ್ಟಳು. ಸಗಣಿ ತೆಗೆದಳು. ಬೆದೆಯಲ್ಲಿರುವ ಗರ್ಭಕೋಶ ಬಿಗಿಯಾಗಿ ಸುರುಳಿ ಸುತ್ತಿ ಕೈಗೆ ಸಿಗಬೇಕು. ಸಿಗಲಿಲ್ಲ. ಅದು ಮೂಳೆಯ ಅಂಚು ದಾಟಿ ಹೊಟ್ಟೆಯೊಳಕ್ಕೆ ಜಾರಿತ್ತು. ತೋಳು ಚಾಚಿದರೆ ನೀರು ತುಂಬಿದ ಚೀಲದ ಹಾಗೆ ತೂಗುತ್ತಿತ್ತು.

ಅವಳು ಅವಸರ ಮಾಡಲಿಲ್ಲ. ತರಬೇತಿಯಲ್ಲಿ ಒಮ್ಮೆ ತುಂಬಿದ ಮೂತ್ರಕೋಶವನ್ನು ಮುಟ್ಟಿ ಗಬ್ಬ ಎಂದಿದ್ದಳು. ಆ ವಾರವೆಲ್ಲ ಹತ್ತೊಂಬತ್ತು ಜನ ನಕ್ಕಿದ್ದರು. ಕಣ್ಣು ಮುಚ್ಚಿ ಬೆರಳನ್ನು ಪಕ್ಕಕ್ಕೆ ಸರಿಸಿ ರಕ್ತನಾಳ ಹುಡುಕಿದಳು. ಸಿಕ್ಕಿತು. ನಾಡಿಯಂತೆ ಬಡಿಯುತ್ತಿರಲಿಲ್ಲ, ನೀರು ಹರಿಯುವ ಪೈಪಿನ ಮೇಲೆ ಕೈಯಿಟ್ಟಂತೆ ಸಣ್ಣಗೆ ನಡುಗುತ್ತಿತ್ತು. ಗಬ್ಬ ನಿಂತ ಹಸುವಿನಲ್ಲಿ ಮಾತ್ರ ಹಾಗೆ.

"ಏನಮ್ಮ, ಅಲ್ಲೇ ನಿದ್ದೆ ಹೋದ್ಯಾ?" ಎಂದರು ಜಯದೇವಪ್ಪ.

ಜಗಲಿಯ ಮೇಲೆ ಕೂತು ನೋಡುತ್ತಿದ್ದ ನಾಲ್ಕೈದು ಜನ ನಕ್ಕರು.

"ಯಜಮಾನ್ರೇ, ಹಿಂದೆ ಯಾವಾಗ ಹಾಕ್ಸಿದ್ರಿ?"

"ದೀಪಾವಳಿ ಕಳೆದ ವಾರಕ್ಕೆ. ಪುಟ್ಟರಾಜ ಹಾಕಿದ್ದ. ನಿಲ್ಲಲಿಲ್ಲ."

"ನಿಂತೈತೆ. ನಾಲ್ಕು ತಿಂಗಳ ಗಬ್ಬ."

"ಗಬ್ಬದ ಹಸ ಬೆದೆಗೆ ಬತ್ತದಾ? ನಲವತ್ತು ವರ್ಸದಿಂದ ಸೀಮೆ ಹಸ ಕಟ್ಟಿವ್ನಿ ನಾನು."

"ಅಪರೂಪಕ್ಕೆ ಬತ್ತವೆ. ಈಗ ಕಡ್ಡಿ ಹಾಕಿದ್ರೆ ಕಂದು ಹಾಕ್ಬುಡ್ತದೆ, ಕರ ಉಳಿಯಲ್ಲ. ನಾನ್ ಹಾಕಲ್ಲ."

ಜಯದೇವಪ್ಪ ಅವಳನ್ನು ನೋಡಲಿಲ್ಲ. ಮತ್ತೆ ಫೋನು ಹಚ್ಚಿದರು. ಈ ಸಲ ರಿಂಗಾಯಿತು. ಪುಟ್ಟರಾಜು ಪಕ್ಕದ ಊರಿನಲ್ಲೇ ಇದ್ದ. ಕಾಲು ಗಂಟೆಯೊಳಗೆ ಬೈಕು ಬಂತು. ಮಾತು ಕೇಳುವ ಮೊದಲೇ ಕ್ಯಾನಿನಿಂದ ಹೆಪ್ಪುಗಟ್ಟಿದ ಕಡ್ಡಿ ತೆಗೆದು ಬಿಸಿನೀರಿನ ಲೋಟಕ್ಕೆ ಹಾಕಿದ. ಕರಗಿದ ಕಡ್ಡಿಯನ್ನು ಕೆಲವೇ ನಿಮಿಷದಲ್ಲಿ ಬಳಸಬೇಕು.

"ಪುಟ್ಟರಾಜಣ್ಣ, ಮೊದ್ಲು ಕಡ್ಡಿ ಇಲ್ದೆ ಬರೀ ಕೈ ಹಾಕಿ ನೋಡಿ," ಎಂದಳು ಭಾಗ್ಯ.

"ನಿನ್ನೆ ಮೊನ್ನೆ ಬಂದೋಳು ನೀನು. ಕಾಲೇಜು ಮುಗಿಸಿ ಡಿಪ್ಲೊಮಾ ಮಾಡಿರೋನು ನಾನು. ನಂಗೇ ಪಾಠನಾ?"

"ಅದಕ್ಕೇ ಅಣ್ಣ, ಓದ್ದೋರು ಒಂದ್ಸಲ ನೋಡಿ ಹೇಳಿ ಅಂತಿದೀನಿ."

"ಅತ್ಲಾಗೆ ಸರಿ."

ಅವಳು ಸರಿಯಲಿಲ್ಲ. ಹಸುವಿನ ಬಾಲ ಹಿಡಿದು ಹಿಂದೆಯೇ ನಿಂತಳು. ಈ ಊರು ಕೈಬಿಟ್ಟಿತು ಎಂದು ಆಗಲೇ ಅವಳಿಗೆ ಅನ್ನಿಸಿಹೋಗಿತ್ತು. ಆದರೂ ಬೆರಳ ತುದಿಯಲ್ಲಿ ಆ ನಡುಕ ಉಳಿದಿತ್ತು. ಜಗಲಿಯಲ್ಲಿ ಈಗ ಯಾರೂ ನಗುತ್ತಿರಲಿಲ್ಲ.

ಬಾಗಿಲಲ್ಲಿದ್ದ ಶಿವಗಂಗಮ್ಮ ಅಲ್ಲಿಂದಲೇ ಗಂಡ ಜಯದೇವಪ್ಪನವರಿಗೆ ಹೇಳಿದರು. ಆ ಹಸುವಿನ ಹಾಲನ್ನು ದಿನಾ ಕರೆಯುವವರು ಅವರೇ. "ನೋಡ್ಲಿ ಬುಡಿ. ಮುಟ್ಟಿ ನೋಡಿದ್ರೆ ಹಸ ಏನ್ ಸವೀತದಾ?"

ಪುಟ್ಟರಾಜು ಗ್ಲೌಸ್ ಏರಿಸಿ ಕೈ ಹಾಕಿದ. ಬಾಯಲ್ಲಿ ಏನೋ ಹೇಳಲು ಹೊರಟವನು ನಿಲ್ಲಿಸಿದ. ತೋಳು ಇನ್ನಷ್ಟು ಒಳಗೆ ಹೋಯಿತು. ಲೋಟದಲ್ಲಿ ಕಡ್ಡಿ ಕರಗುತ್ತಿತ್ತು. ಹಸು ಕಾಲು ಬದಲಿಸಿತು. ಭಾಗ್ಯ ಅವನ ಮುಖವನ್ನೇ ನೋಡುತ್ತಿದ್ದಳು. ಅವನು ಅವಳತ್ತ ನೋಡಲಿಲ್ಲ.

ಕೈ ಹೊರಗೆಳೆದುಕೊಂಡು ನಕ್ಕ. "ಎಲ್ಲೋಯ್ತದೆ ಯಜಮಾನ್ರೇ? ನಾನ್ ಹಾಕಿದ್ದು ಅವತ್ತೇ ನಿಂತೈತೆ."

"ಹಂಗನ್ನು ಮತ್ತೆ," ಎಂದು ಜಯದೇವಪ್ಪ ಹಸುವಿನ ಬೆನ್ನು ತಟ್ಟಿದರು. "ನಿನ್ ಕೈ ಅಂದ್ರೆ ಕೈ ಕಣಯ್ಯ." ಪುಟ್ಟರಾಜನಿಗೆ ಜಗಲಿಯಲ್ಲಿ ಜಾಗವಾಯಿತು, ಒಳಗಿನಿಂದ ಕಾಫಿ ಬಂತು.

ಭಾಗ್ಯ ಬೀದಿಯ ನಲ್ಲಿಯಲ್ಲಿ ಕೈ ತೊಳೆದುಕೊಂಡಳು. ಸ್ಕೂಟರಿನ ಹತ್ತಿರ ಬಂದಾಗ ಶಿವಗಂಗಮ್ಮ ಅಲ್ಲಿ ನಿಂತಿದ್ದರು.

"ಯಾವಾಗ ಈಯ್ತದೆ?"

"ಶ್ರಾವಣಕ್ಕೆ ಅಮ್ಮಾರೆ," ಎಂದು ಪುಟ್ಟರಾಜು ಜಗಲಿಯಿಂದ ಕೂಗಿದ.

"ನಿನ್ನ ಕೇಳಲಿಲ್ಲ ಕಣಪ್ಪ. ಕಾಫಿ ಕುಡಿ ನೀನು." ಅವರು ಭಾಗ್ಯಳ ಕಡೆಯೇ ನೋಡುತ್ತಿದ್ದರು.

ಭಾಗ್ಯ ಬೆರಳು ಎಣಿಸಿದಳು. "ಶ್ರಾವಣವೇ ಅಮ್ಮಾರೆ. ಅದಕ್ಕೆ ಎರಡು ತಿಂಗಳು ಮುಂಚೆ ಹಾಲು ಕರೆಯೋದು ನಿಲ್ಲಿಸ್ಬೇಕು. ಒಂದೇ ದಿನಕ್ಕೆ ನಿಲ್ಲಿಸ್ಬ್ಯಾಡಿ, ಸ್ವಲ್ಪ ಸ್ವಲ್ಪವಾಗಿ."

"ನಂಗೆ ನೆಪ್ಪಿರಲ್ಲ. ನಿಲ್ಲಿಸೋ ಹೊತ್ತಿಗೆ ನೀನೇ ಬಂದು ಹೇಳು."

"ಬತ್ತೀನಿ."

ಹಾಲು ನಿಲ್ಲಿಸಬೇಕಾದ್ದು ಜೂನ್ ತಿಂಗಳಲ್ಲಿ. ಅಷ್ಟರಲ್ಲಿ ಮಾದಿಹಳ್ಳಿ ತನ್ನ ಪಾಲಿಗೆ ಉಳಿದಿರುತ್ತದೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು, ಫೋನು ತೆಗೆದು, ದಿನ ಗುರುತು ಹಾಕಿಕೊಂಡಳು.